ವಿರೂಪಾಕ್ಷನ ಏಡ್ಸ್ ಭಾಷಣ

ಡಬ್ಬಿಯಲ್ಲಿರುವ ನಿರೋಧ್ ಕಾಂಡೋಮ್ ಪೊಟ್ಟಣಗಳನ್ನೆಲ್ಲ ಹಂಚದೆ ತಿರುಗಿ ಬರಕೂಡದೆಂದು ಆಸ್ಪತ್ರೆಯ ಸಾಹೇಬರು ವಿರೂಪಾಕ್ಷನಿಗೆ ಖಡಕ್ಕಾಗಿ ಹೇಳಿದ್ದರು. ಅದೇ ಸಂಜೆ, ಅವನ ಮುಖವನ್ನು ಇನ್ನೂ ನೋಡಿರದ ಕುಪ್ಪೇಲೂರಿನ ಪ್ರಭುಲಿಂಗಪ್ಪನವರು ತಮ್ಮ ಮಗಳಿಗೆ ಅವನನ್ನು ಗೊತ್ತುಮಾಡಲು ರಾಣೆಬೆನ್ನೂರಿನ ಮನೆಗೆ ಬರುವವರಿದ್ದರು.

"ಲಗೂ ಬಾರಪಾ. ಈ ಸಂಬಂಧನೂ ತಪ್ಪಿದ್ರ ನಾ ಯಾರಿಗೆ ಮಾರಿ ತೋರಸ್ಲಿ?" ಎಂದು ಅವ್ವ ಗದಿಗೆವ್ವ ಬಾಗಿಲಲ್ಲೇ ಹೇಳಿ ಕಳಿಸಿದ್ದಳು.

ಹೀಗೆ ಎರಡು ಹೆದರಿಕೆಗಳನ್ನು ಹೊತ್ತು ಆರೋಗ್ಯ ಸಹಾಯಕ ವಿರೂಪಾಕ್ಷ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಳಿದ. ಏಡ್ಸ್ ಎಂಬ ಹೆಸರು ಆಗಷ್ಟೇ ಊರೂರು ಸೇರುತ್ತಿದ್ದ ಕಾಲ. ಫಕ್ಕೀರವ್ವನ ಚಹಾದಂಗಡಿಯ ಮುಂದೆ ಲಾರಿ ಡ್ರೈವರುಗಳು ಕೂತಿದ್ದರು. ವಿರೂಪಾಕ್ಷ ಅವರ ಮುಂದೆ ಡಬ್ಬಿ ತೆರೆದಿಟ್ಟು ಭಾಷಣ ಸುರುಮಾಡಿದ.

"ಏಡ್ಸ್ ಬಂತಂದ್ರ ಸಾವ! ಔಷಧ ಇಲ್ಲ! ಎಲುಬಿನ ಹಂದರ ಆಗಿ..."

ಬಸ್ಸು ಬಂದಾಗ ನಿಲ್ದಾಣ ಬರಿದಾಗುವಂತೆ ಬೆಂಚು ಬರಿದಾಯಿತು. ಡ್ರೈವರ್ ಅಲ್ಲಾಬಕ್ಷ ಅರ್ಧ ಗ್ಲಾಸು ಚಹಾ ಬಿಟ್ಟು ಎದ್ದ. "ಗಾಡಿ ಬಿಡೂ ಹೊತ್ತಿನ್ಯಾಗ ಸಾವಿನ ಮಾತ ಬ್ಯಾಡ್ರಿ ಸಾಹೇಬ್ರ."

ಫಕ್ಕೀರವ್ವ ಚಹಾ ಸೋಸುವ ಅರಿವೆ ಹಿಡಿದೇ ಬಂದಳು. "ನನ್ನ ಗಿರಾಕಿ ಓಡಸಾಕ ಬಂದೀಯೇನ ತಮ್ಮಾ? ಸಾಯ್ತೀರಿ ಅಂದ್ರ ಯಾರ ಕೇಳ್ತಾರ? ಇದರಿಂದ ಏನ ಚಲೋ ಆಗತೈತಿ, ಅದನ್ನ ಹೇಳು."

ವಿರೂಪಾಕ್ಷ ಬೆವರು ಒರೆಸಿಕೊಂಡ. ಕೈಗಂಟಿದ್ದ ಮೆಣಸಿನ ಧೂಳು ಕಣ್ಣಿಗೆ ಹೋಗಿ ನೀರು ಸುರಿಯತೊಡಗಿತು.

"ಅಣ್ಣಾರ, ಇದನ್ನ ಬಳಸಿದ್ರ ನೀವೂ ಗಟ್ಟಿ, ಮನ್ಯಾಗಿನಾಕಿನೂ ಗಟ್ಟಿ. ಮಕ್ಕಳ ಮದುವ್ಯಾಗ ನೀವ ನಿಂತು ಅಕ್ಕಿಕಾಳ ಹಾಕ್ತೀರಿ!"

ಹೋದವರು ತಿರುಗಿ ಬಂದರು. ಅಲ್ಲಾಬಕ್ಷ ಕೇಳಿದ, "ನಿಮಗ ಸಂಸಾರ ಐತೇನ್ರಿ? ಇಲ್ಲಾಂದ್ರ ಇದೆಲ್ಲಾ ನಿಮಗೇನ ಗೊತ್ತು?"

ಹೊತ್ತು ಇಳಿಯುತ್ತಿತ್ತು. ಡಬ್ಬಿ ಇನ್ನೂ ತುಂಬಿತ್ತು. ವಿರೂಪಾಕ್ಷನ ಬಾಯಿ ಅವನನ್ನು ಕೇಳದೆ ಮುಂದೆ ಹೋಯಿತು. "ಐತ್ರಿ! ಹೇಣ್ತಿ, ಎರಡು ಮಕ್ಕಳು. ಅವರ ಮಾರಿ ನೆನಸ್ಕೊಂಡ ನಾನೂ ಬಳಸ್ತೇನ್ರಿ!"

ಕೆನ್ನೆ ಮೇಲೆ ಇಳಿಯುತ್ತಿದ್ದ ನೀರು ನೋಡಿ ಡ್ರೈವರುಗಳ ಮನಸ್ಸು ಕರಗಿತು. ಒಂದರ ಹಿಂದೊಂದು ಕೈ ಚಾಚಿದವು. ಡಬ್ಬಿ ಖಾಲಿ!

ಮೆಣಸಿನಕಾಯಿ ಮಾರಲು ಬಂದಿದ್ದ ಹಿರಿಯರೊಬ್ಬರು ಹತ್ತಿರ ಬಂದು ಬೆನ್ನು ತಟ್ಟಿದರು. "ಭಾಳ ಚಲೋ ಹೇಳಿದಿ ತಮ್ಮಾ. ಹೆಸರೇನು?"

"ವಿರೂಪಾಕ್ಷ ಅಂತ್ರಿ. ರಾಣೆಬೆನ್ನೂರ."

ತಟ್ಟುತ್ತಿದ್ದ ಕೈ ನಿಂತಿತು. "ಗದಿಗೆವ್ವನ ಮಗ ಏನು? ನಾ ಕುಪ್ಪೇಲೂರ ಪ್ರಭುಲಿಂಗಪ್ಪ."

ವಿರೂಪಾಕ್ಷ ಖಾಲಿ ಡಬ್ಬಿ ಕೆಳಗಿಟ್ಟು ಕೈ ಮುಗಿದ. "ಮಾವಾರ, ದೇವರಾಣೆ ನನಗ ಹೇಣ್ತಿ ಇಲ್ರಿ, ಮಕ್ಕಳೂ ಇಲ್ರಿ! ಎಲ್ಲಾ ಸುಳ್ಳ ಹೇಳೇನ್ರಿ!"

ಪ್ರಭುಲಿಂಗಪ್ಪನವರು ಅವನ ಒದ್ದೆ ಕೆನ್ನೆಯನ್ನೇ ದಿಟ್ಟಿಸಿದರು.

"ಹೇಣ್ತಿ ಮಕ್ಕಳ ಮಾತ ಖರೇ ಆಗಿದ್ರ ಮಗಳನ್ನ ಹೆಂಗ ಕೊಡ್ಲಿ? ಕಣ್ಣೀರ ಹಾಕಿ ಇಷ್ಟ ಚಂದ ಸುಳ್ಳ ಹೇಳಾಂವ ಆದ್ರಂತೂ ಹೆಂಗ ಕೊಡ್ಲಿ?"