ಅರ್ಧ ನಾಯಿ ಮತ್ತು ಚಹಾ ಬಣ್ಣದ ದಾರ

'ತಪ್ಪಾಯಿತು' ಎಂಬ ಒಂದು ಮಾತು ಹೇಳುವುದನ್ನು ಬಿಟ್ಟರೆ ಬೇರೆ ಎಂಥ ಕಷ್ಟದ ಕೆಲಸವನ್ನಾದರೂ ನಾನು ಮಾಡಬಲ್ಲೆ. ಇದು ನಮ್ಮ ಮನೆತನದ ಗುಣ. ನಮ್ಮಪ್ಪ ಅವ್ವನ ಮೇಲೆ ಕಾರಣವಿಲ್ಲದೆ ಸಿಡುಕಿದ ಮರುದಿನ ಬೆಳಿಗ್ಗೆ, ಯಾರೂ ಕೇಳದಿದ್ದರೂ ಎದ್ದು ಹಿತ್ತಲಿನ ಬೇಲಿ ಕಟ್ಟುತ್ತಿದ್ದರು. ಬೇಲಿ ಗಟ್ಟಿಯಾದಷ್ಟೂ ಹಿಂದಿನ ದಿನದ ಜಗಳ ದೊಡ್ಡದಿತ್ತೆಂದು ನಾವು ಮಕ್ಕಳು ತಿಳಿದುಕೊಳ್ಳುತ್ತಿದ್ದೆವು. ನಮ್ಮೂರು ಗಲಗಲಿಯ ಹಿತ್ತಲಿಗೆ ಒಂದೇ ಒಂದು ಆಡು ನುಗ್ಗಿದ್ದು ನನಗೆ ನೆನಪಿಲ್ಲ. ನನಗೋ ಬೇಲಿ ಕಟ್ಟುವ ಸೌಕರ್ಯವಿಲ್ಲ. ಜಮಖಂಡಿಯಲ್ಲಿ ನಾನಿರುವುದು ಬಾಡಿಗೆ ಮನೆಯ ಮೊದಲ ಮಹಡಿ. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ, ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಸೂಜಿ ದಾರ ಹಿಡಿಯಬೇಕಾಯಿತು.

ತಪ್ಪು ಏನೆಂದು ಹೇಳಿಬಿಡುತ್ತೇನೆ, ನಿಮಗೆ ಹೇಳುವುದು ಸುಲಭ. ಮುಧೋಳದಲ್ಲಿರುವ ನನ್ನ ಅಕ್ಕ ಗಂಗವ್ವ ಹನ್ನೆರಡು ವರ್ಷ ಬಾಣ್ಯಾ ಎಂಬ ನಾಯಿ ಸಾಕಿದ್ದಳು. ತಿಮ್ಮಾಪುರದ ಕಡೆಯಿಂದ ಮರಿಯಾಗಿ ತಂದದ್ದು. ಉದ್ದ ಮೂತಿ, ಕಡ್ಡಿಯಂಥ ಕಾಲು, ಓಡಿದರೆ ಕಣ್ಣಿಗೆ ಸಿಗದು, ಮಲಗಿದರೆ ಮಂಚದ ಮುಕ್ಕಾಲು ಭಾಗ ಅದರದೇ. ಭಾವನವರು ಹೋದಮೇಲೆ ಆ ಮನೆಯಲ್ಲಿ ಅಕ್ಕನ ಮಾತು ಕೇಳುವ ಜೀವ ಅದೊಂದೇ. ಅದು ಸತ್ತ ಸುದ್ದಿ ಬಂದಾಗ ಸಮಾಧಾನ ಹೇಳಲೆಂದು ಹೋದೆ. ಹೋಗಿ ಸುಮ್ಮನೆ ಕೂತು ಬಂದಿದ್ದರೆ ಆಗುತ್ತಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹೋಗಲಿ ಬಿಡಕ್ಕಾ, ಇಂಥಾದ್ದ ಇನ್ನೊಂದು ಮರಿ ತಂದರಾತು" ಎಂದೆ. ಅಕ್ಕ ಒಳಗೆ ಹೋಗಿ ಚಹಾ ಮಾಡಿ ತಂದು ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ. ಆಮೇಲೆ ಅವಳಿಂದ ಫೋನೂ ಇಲ್ಲ, ಹಬ್ಬಕ್ಕೆ ಬರುವುದೂ ಇಲ್ಲ.

ನಮ್ಮ ಕಾಲೇಜಿನ ಹೊಲಿಗೆ ಟೀಚರು ಆಗ ಒಂದು ದಾರಿ ತೋರಿಸಿದರು. ಫೋಟೋ ಕಳಿಸಿದರೆ ಅದೇ ಚಿತ್ರವನ್ನು ಜರಡಿಯಂತೆ ತೂತಿರುವ ಗಟ್ಟಿ ಬಟ್ಟೆಯ ಮೇಲೆ ಅಚ್ಚು ಹಾಕಿ, ಹೊಂದುವ ಉಣ್ಣೆ ದಾರದ ಲಡಿಗಳ ಜೊತೆ ಅಂಚೆಯಲ್ಲಿ ಕಳಿಸುವವರು ಇದ್ದಾರಂತೆ. ತೂತಿನಿಂದ ತೂತಿಗೆ ಓರೆಯಾಗಿ ದಾರ ಹಾಕುತ್ತ ಹೋದರೆ ಚಿತ್ರ ತುಂಬುತ್ತದೆ. ಪಂಚಮಿ ಹಬ್ಬದ ಸಂಜೆ ನಾನೇ ಫೋನಿನಲ್ಲಿ ತೆಗೆದಿದ್ದ ಬಾಣ್ಯಾನ ಫೋಟೋ ಕಳಿಸಿದೆ. ಬಟ್ಟೆ ಬಂತು, ದಾರ ಬಂತು, ಸೂಜಿಯೂ ಬಂತು. ಬುದ್ಧಿಯೊಂದನ್ನು ಅವರು ಕಳಿಸಿರಲಿಲ್ಲ. ಎಂಟು ತಿಂಗಳು, ದಿನಾ ಕಚೇರಿಯಿಂದ ಬಂದು ಕಿಟಕಿ ಪಕ್ಕ ಕೂತು ಹೊಲಿದೆ. ಸೂಜಿ ನಾಯಿಗಿಂತ ನನ್ನ ಬೆರಳಿಗೇ ಹೆಚ್ಚು ಹೋಯಿತು. ನನ್ನ ಹೆಂಡತಿ ಸುಶೀಲಾ ಮೊದಲ ವಾರ ನಕ್ಕಳು, ಎರಡನೆಯ ವಾರ ಬೀದಿಯವರಿಗೆಲ್ಲ ಹೇಳಿದಳು, ಮೂರನೆಯ ವಾರದಿಂದ ತನ್ನ ಸೀರೆಗಳ ಫಾಲ್ ತಂದು ನನ್ನ ಮುಂದೆ ಇಡತೊಡಗಿದಳು.

ಮೂತಿ, ಕಿವಿ, ಕುತ್ತಿಗೆ, ಮುಂಗಾಲು ಎಲ್ಲ ಮುಗಿದು ಹೊಟ್ಟೆಯ ಹತ್ತಿರ ಬಂದಾಗ ನಾಯಿಯ ಮೈಗೆ ಹಾಕುತ್ತಿದ್ದ ಚಹಾ ಬಣ್ಣದ ದಾರ ಮುಗಿಯಿತು. ಯಾಕೆ ಮುಗಿಯಿತೆಂದು ಬಟ್ಟೆ ತಿರುಗಿಸಿ ನೋಡಿದ ಸುಶೀಲಾ ಹೇಳಿದಳು: "ನಾಯಿ ಹಿಂದ ಇನ್ನೊಂದು ನಾಯಿ ಹೆಣದೀರಲ್ರೀ!" ಪ್ರತಿ ಸಲ ಗಂಟು ಹಾಕಿ, ಗೇಣುದ್ದ ದಾರದ ಬಾಲ ಬಿಟ್ಟು ಹೊಲಿದಿದ್ದೆ. ಕಳಿಸಿದವರಿಗೆ ಫೋನು ಮಾಡಿದರೆ ಆ ಬಣ್ಣ ಬರುವುದು ನಿಂತಿದೆ, ಹತ್ತಿರದ ಬಣ್ಣ ಯಾವುದಾದರೂ ಹಾಕಿಕೊಳ್ಳಿ ಎಂದರು. ಜಮಖಂಡಿಯ ಬಳೆ ಅಂಗಡಿ, ಫ್ಯಾನ್ಸಿ ಅಂಗಡಿ ಎಲ್ಲ ತಿರುಗಿದೆ. ಒಂದು ಕಡೆ ಸಿಕ್ಕಿದ್ದು ಸ್ವೆಟರಿನ ದಾರ, ತೂತಿನೊಳಗೆ ತೂರಲೇ ಇಲ್ಲ. ಇನ್ನೊಂದು ಕಡೆ ಸಿಕ್ಕಿದ್ದು ಫಳಫಳ ಹೊಳೆಯುವ ದಾರ, ಎರಡು ಸಾಲು ಹಾಕಿದರೆ ನಾಯಿಯ ಅರ್ಧ ಮೈ ಮದುವೆಗೆ ಹೊರಟಂತೆ ಕಂಡಿತು. ಅದನ್ನು ಬಿಚ್ಚಿದೆ.

ಕೊನೆಗೆ ಸುಶೀಲಾಳೇ ರಬಕವಿಗೆ ಹೋಗಿರೆಂದಳು. ಅಲ್ಲಿ ನೇಕಾರರ ಮನೆಯ ಈರಪ್ಪನವರು ನೂಲಿನ ಅಂಗಡಿ ಇಟ್ಟಿದ್ದಾರೆ. ಬಾಗಿಲಿಂದ ಗೋಡೆಯವರೆಗೆ ಬಣ್ಣ ಬಣ್ಣದ ನೂಲು, ಪಕ್ಕದ ಓಣಿಯಿಂದ ಮಗ್ಗದ ಸದ್ದು. ನಾನು ಕಚೇರಿಯ ಗತ್ತಿನಲ್ಲಿ, "ಚಹಾದ ಬಣ್ಣದ ದಾರ ಬೇಕಾಗಿತ್ರಿ" ಎಂದೆ.

"ಯಾರ ಮನಿ ಚಹಾ ರೀ?" ಎಂದರು ಈರಪ್ಪನವರು.

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ನಾನು ಅರ್ಧ ನಾಯಿಯನ್ನು ಚೀಲದಿಂದ ತೆಗೆದೆ. ಅವರು ನಗಲಿಲ್ಲ. ಬಟ್ಟೆಯನ್ನು ಹೊಸ್ತಿಲಿಗೆ ಒಯ್ದು ಬೆಳಕಿಗೆ ಹಿಡಿದು, ಹಿಂದೆ ನೇತಾಡುತ್ತಿದ್ದ ನನ್ನ ಬಾಲಗಳಲ್ಲಿ ಒಂದನ್ನು ಬೆರಳಿಗೆ ಸುತ್ತಿ ನೋಡಿದರು. "ಉಣ್ಣಿ ನಮ್ಮಲ್ಲಿಲ್ರಿ, ನಾವು ಹತ್ತಿ ರೇಷ್ಮಿ ಮಂದಿ. ಆದರ ಹತ್ತಿ ಎಳಿ ಆರು ಕೂಡಿಸಿ ಹುರಿ ಮಾಡಿದರ ದಪ್ಪ ಇಷ್ಟ ಆಕ್ಕೈತಿ" ಎನ್ನುತ್ತ ತೊಡೆಯ ಮೇಲೆ ಹೊಸೆದು ತೋರಿಸಿದರು. ಒಂದಾದ ಮೇಲೊಂದು ನಾಲ್ಕು ಬಣ್ಣ ತೆಗೆದರು. ನನಗೆ ನಾಲ್ಕೂ ಒಂದೇ ಥರ ಕಂಡವು. "ಇದರಾಗ ಯಾವುದು ಅದರಂಥಾದ್ದ ರೀ?" ಎಂದು ಕೇಳಿದೆ.

"ಅದರಂಥಾದ್ದ ಇನ್ನೊಂದು ಇರಂಗಿಲ್ರಿ ಸರ. ಹತ್ತಿರದ್ದ ಇರತಾವು, ಅಷ್ಟ."

ಆ ಮಾತು ಅವರು ದಾರದ ಬಗ್ಗೆ ಹೇಳಿದ್ದು. ನನಗೆ ಮಾತ್ರ ಅಕ್ಕನ ಮುಂದೆ ಆಡಿದ ನನ್ನ ಮಾತೇ ತಿರುಗಿ ಬಂದಂತಾಯಿತು. ಸಾವರಿಸಿಕೊಂಡು, ಹಾಗಾದರೆ ಹತ್ತಿರದ್ದನ್ನೇ ಆರಿಸಿ ಕೊಡಿರೆಂದೆ. ಈರಪ್ಪನವರು ತಲೆ ಅಲ್ಲಾಡಿಸಿದರು. "ನಾ ಆರಿಸಂಗಿಲ್ರಿ. ಬಣ್ಣ ಜೋಡಿ ಮಾಡಬೇಕಾದರ ನಮ್ಮಲ್ಲಿ ಮೂರು ಬೇಕು. ಕೈಯಾಗ ತುಣುಕು ಇರಬೇಕು, ಬಾಗಿಲ ಬೆಳಕು ಇರಬೇಕು, ಸೀರಿ ಉಡಾಕಿ ಮುಂದ ಇರಬೇಕು. ಆಕಿ ಹೂಂ ಅನ್ನೂತನಕ ನಾವು ಮಗ್ಗಕ್ಕ ನೂಲು ಏರಿಸಂಗಿಲ್ಲ. ಈ ನಾಯಿ ಯಾರ ಮನಿಗೆ ಹೋಗೂದು?"

"ನಮ್ಮಕ್ಕನ ಮನಿಗೆ."

"ಹಂಗಾರ ಅಕ್ಕಾರನ್ನ ಕೇಳ್ರಿ" ಎಂದು ನಾಲ್ಕೂ ದಾರವನ್ನು ಕಾಗದದಲ್ಲಿ ಸುತ್ತಿ ಕೈಗಿತ್ತರು.

ಅಕ್ಕನನ್ನು ಕೇಳುವುದನ್ನು ತಪ್ಪಿಸಲೆಂದೇ ಎಂಟು ತಿಂಗಳು ಸೂಜಿ ಚುಚ್ಚಿಸಿಕೊಂಡವನು ನಾನು ಎಂಬುದು ಆ ಮಹಾನುಭಾವರಿಗೆ ಹೇಗೆ ಗೊತ್ತಾಗಬೇಕು! ಮುಗಿದ ಚಿತ್ರಕ್ಕೆ ಕಟ್ಟು ಹಾಕಿಸಿ, ಅವಳಿಲ್ಲದ ಹೊತ್ತಿಗೆ ಪಕ್ಕದ ಮನೆಯಲ್ಲಿ ಕೊಟ್ಟು ಬಸ್ಸು ಹತ್ತಿ ಬಂದುಬಿಡಬೇಕೆಂಬುದು ನನ್ನ ಯೋಜನೆ. ಅರ್ಧ ನಾಯಿ ಹಿಡಿದು ಎದುರಿಗೇ ಹೋಗಿ ನಿಲ್ಲುವುದೆಂದರೆ? ಎರಡು ಭಾನುವಾರ ಹೊಟ್ಟೆನೋವೆಂದು ಮಲಗಿದೆ. ಮೂರನೆಯ ಭಾನುವಾರ ಸುಶೀಲಾ ಅಡುಗೆಯನ್ನೇ ಮಾಡಲಿಲ್ಲ. "ಊಟ ಮುಧೋಳದಾಗ ಐತಿ, ಹೋಗ್ರಿ" ಎಂದಳು.

ಅಕ್ಕ ಬಾಗಿಲು ತೆಗೆದಳು. ಸೊರಗಿಹೋಗಿದ್ದಳು. ನಾನು ಬಟ್ಟೆ ಬಿಚ್ಚಿ ಹಿಡಿದೆ. ಅವಳು ಚಿತ್ರದ ಮೂಗಿನ ತುದಿಯಿಂದ ಕುತ್ತಿಗೆಯವರೆಗೆ, ನಾಯಿಯ ತಲೆ ಸವರಿದಂತೆಯೇ, ಬೆರಳಾಡಿಸಿದಳು. ಕಣ್ಣು ತುಂಬಿದವು. ನನ್ನವೂ ತುಂಬಿದವು, ಸುಳ್ಳು ಯಾಕೆ ಹೇಳಲಿ.

"ಯಾರು ಹಾಕಿದ್ದ ಇದು?"

"ನಾನ."

"ಎಷ್ಟು ದಿನ ಹಿಡೀತು?"

"ಎಂಟು ತಿಂಗಳಾ."

"ಎಂಟು ತಿಂಗಳಾ ಸೂಜಿ ಹಿಡದಿ. ಒಂದು ದಿನ ಫೋನ್ ಹಿಡಿಯಾಕ ಆಗಲಿಲ್ಲಲ್ಲೋ ಖೋಡಿ?"

ನಾನು ಈರಪ್ಪನವರ ಕಾಗದ ಬಿಚ್ಚಿದೆ. ದಾರ ಮುಗಿದದ್ದು, ಆ ಬಣ್ಣ ಈಗ ಬರದಿರುವುದು, ಇವುಗಳಲ್ಲಿ ಹತ್ತಿರದ್ದನ್ನು ನೀನೇ ಹೇಳಬೇಕೆಂಬುದು, ಎಲ್ಲ ಒದರಿದೆ. ಅಕ್ಕ ನಾಲ್ಕನ್ನೂ ಹೊಸ್ತಿಲಿಗೆ ಒಯ್ದಳು. ಮೂರನ್ನು ಪಕ್ಕಕ್ಕಿಟ್ಟು ನಾಲ್ಕನೆಯದನ್ನು ಅಂಗೈ ಮೇಲೆ ಇಟ್ಟುಕೊಂಡಳು. ಅದು ಎಲ್ಲಕ್ಕಿಂತ ತಿಳಿಯಾದದ್ದು ಎಂಬುದು ಹೊಸ್ತಿಲ ಬೆಳಕಿನಲ್ಲಿ ಈಗ ನನಗೂ ಕಂಡಿತು.

"ಇದ ನೋಡ ಬಾಣ್ಯಾನ ಮೈ. ಖರೆ ಇದ."

"ಆದರ ಅದು ಮುಂದಿಂದಕ್ಕ ಕೂಡಂಗಿಲ್ಲಲ್ಲಕ್ಕಾ?"

"ಮುಂದಿಂದ ತಪ್ಪೈತಿ. ಸಂಜಿಮುಂದ ತಗದ ಫೋಟೋ ಅದು. ಆ ಹೊತ್ತಿನಾಗ ನಾಯಿ ಒಂದ ಅಲ್ಲಲೇ, ನೀನೂ ಕೆಂಪಗ ಕಾಣತಿ." ಆಮೇಲೆ ತೀರ ಸಹಜವಾಗಿ, "ಬಿಚ್ಚು ಎಲ್ಲಾ" ಎಂದಳು.

ಬದಲಿ ದಾರ ಹುಡುಕಿಕೊಂಡು ಹೋದವನಿಗೆ ಬದಲಿಯೇ ಸರಿಯಾದದ್ದು, ಮೊದಲಿನದೇ ತಪ್ಪು ಎಂದರೆ ಏನಾಗಬೇಡ? ಆದರೆ ಅಕ್ಕ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದ ಮೇಲೆ ನಾನು ತಕರಾರು ತೆಗೆಯಲಿಲ್ಲ. ಊಟದ ನಂತರ ಚಹಾ ಬಂತು. ಸಕ್ಕರೆ ಧಾರಾಳವಾಗಿತ್ತು.

ಈಗ ಪ್ರತಿ ಭಾನುವಾರ ಮುಧೋಳಕ್ಕೆ ಹೋಗುತ್ತೇನೆ. ಎಂಟು ತಿಂಗಳು ನಾನು ಹಾಕಿದ ಗಂಟುಗಳನ್ನು ಅಕ್ಕನ ಪಡಸಾಲೆಯಲ್ಲಿ ಕೂತು ಇಬ್ಬರೂ ಬಿಚ್ಚುತ್ತಿದ್ದೇವೆ. ನಾನು ಕಾಲು, ಅವಳು ಕುತ್ತಿಗೆ. ಅವಳು ಬಾಣ್ಯಾನ ಕಥೆ ಹೇಳುತ್ತಾಳೆ, ಒಂದೇ ಕಥೆ ನಾಲ್ಕು ಸಲ ಹೇಳಿದರೂ ನಾನು ಹೂಂಗುಟ್ಟುತ್ತೇನೆ. ಕಳೆದ ವಾರ ಹೇಗೋ ಧೈರ್ಯ ಬಂತು. ಗಂಟಲು ಸರಿಮಾಡಿಕೊಂಡು, "ಅಕ್ಕಾ, ಅವತ್ತ ನಾ ಅಂದದ್ದು..." ಎಂದು ಶುರು ಮಾಡಿದೆ. ಅವಳು ತಲೆ ಎತ್ತಲಿಲ್ಲ. "ಸುಮ್ಮ ಬಿಚ್ಚಲೇ ತಮ್ಮಾ, ನೀ ಬಾಯಿ ತಗದರ ಮತ್ತೊಂದು ಗಂಟು ಬೀಳತೈತಿ" ಎಂದಳು.