ಬಾರದವರನ್ನು ವಿಚಾರಿಸುವ ಮಾವಶಿ

ನಮ್ಮ ಮಾವಶಿಯ ಮನೆಗೆ ನೀವು ಹಬ್ಬದ ಊಟಕ್ಕೆ ಹೋದರೆ ನಿಮ್ಮನ್ನು ಕೇಳುವವರೇ ಇರುವುದಿಲ್ಲ. ಹೋಗದೆ ಇದ್ದು ನೋಡಿ, ಆಮೇಲೆ ನಿಮ್ಮ ಕಥೆ ಮುಗಿದಂತೆಯೇ!

ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಧಾರವಾಡದಲ್ಲಿ ಹುಟ್ಟಿ, ಪುಣೆಗೆ ಸೊಸೆಯಾಗಿ ಬಂದು, ಇಲ್ಲಿಯ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಹಾಯ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಹಾಸ್ಟೆಲು, ಆಪ್ತ ಸಲಹೆ, ಪರೀಕ್ಷೆಗೆ ಹೆದರುವವರಿಗೆ ಪಾಠ ಎಂದು ವಿಶ್ವವಿದ್ಯಾಲಯ ಏನೇನೋ ಸವಲತ್ತು ಕೊಡುತ್ತದಲ್ಲ, ಅವು ಮಕ್ಕಳಿಗೆ ನಿಜಕ್ಕೂ ತಲುಪುತ್ತಿವೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಆ ಮೌಲ್ಯಮಾಪನವನ್ನು ಹೇಗೆ ಮಾಡುವುದು ಎಂಬ ಯೋಜನೆ ಹಾಕುವುದು ಅವಳ ಕೆಲಸ. ಬೇರೆ ಯಾರಾದರೂ ಆಗಿದ್ದರೆ ಸವಲತ್ತು ಪಡೆದವರನ್ನು ಕರೆದು 'ತೃಪ್ತಿಯಾಯಿತೇ?' ಎಂದು ಕೇಳಿ ಕೈತೊಳೆದುಕೊಳ್ಳುತ್ತಿದ್ದರು. ಮಾವಶಿಗೆ ಬಂದವರ ಮೇಲೆ ನಂಬಿಕೆಯೇ ಇಲ್ಲ. ಬಂದವರು ಹೇಗೂ ಬಂದಿದ್ದಾರೆ, ಬಾರದೆ ಉಳಿದವರು ಯಾಕೆ ಬರಲಿಲ್ಲ ಎಂದು ಕೇಳಬೇಕು ಎನ್ನುವುದು ಅವಳ ಸಿದ್ಧಾಂತ.

ಸಿದ್ಧಾಂತ ಕಚೇರಿಯಲ್ಲಿಯೇ ಇದ್ದರೆ ಯಾರಿಗೇನು ತೊಂದರೆ? ಅದು ಸಂಜೆ ಅವಳ ಜೊತೆ ಮನೆಗೂ ಬರುತ್ತಿತ್ತು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಸೊಸೈಟಿಯ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬಂದು ಕೂತಿದ್ದರೆ ಮಾವಶಿ ಬಾಲ್ಕನಿಯಲ್ಲಿ ನಿಂತು ಬಾರದವರಿಗೆ ಫೋನು ಹಚ್ಚುತ್ತಿದ್ದಳು. ಬಂದವರ ಕೈಗೆ ಎಳ್ಳುಬೆಲ್ಲ ಹಾಕುವುದು ನನ್ನ ಪಾಲಿಗೆ. ಒಂದು ವರ್ಷ ಕೆಳಗಿನ ಮಹಡಿಯಾಕೆ ರೋಸಿಹೋಗಿ, ಮುಂದಿನ ಸಲ ನಾನು ಬರುವುದೇ ಇಲ್ಲ, ಆಗಲಾದರೂ ನನ್ನ ಜೊತೆ ಮಾತಾಡುತ್ತೀರಿ ಎಂದಳು. ಅಂದಂತೆಯೇ ಮಾಡಿದಳು ಕೂಡ. ಮಾವಶಿ ತಟ್ಟೆ ಹಿಡಿದು ಕೆಳಗಿಳಿದವಳು ಅಲ್ಲಿಯೇ ಕೂತು ಹರಟಿದಳು, ಇಲ್ಲಿ ಕರೆಸಿಕೊಂಡು ಬಂದವರೆಲ್ಲ ತಾವೇ ಚಹಾ ಮಾಡಿಕೊಂಡು ಕುಡಿದು ಹೋದರು.

ಅವಳ ಇನ್ನೊಂದು ಹುಚ್ಚು ಕಿವಿಯದು. ಕಾಕಾ, ಅಂದರೆ ಅವಳ ಗಂಡ, ಹೆಸರಿಗೆ ಬೆಳಗಾವಿ ಕಡೆಯವರು. ಅಜ್ಜನ ಕಾಲಕ್ಕೇ ಪುಣೆಗೆ ಬಂದ ಮನೆತನ. ಕನ್ನಡ ತಿಳಿಯುತ್ತದೆ, ಆಡಲು ಬಾರದು. ಹಾಗಾಗಿ ಮಾವಶಿಯ ಸಂಸಾರವೆಲ್ಲ ಮರಾಠಿಯಲ್ಲಿಯೇ ನಡೆಯಿತು, ಜಗಳ ಸಹಿತ. ನಾನು ಪುಣೆ ಪಕ್ಕದ ಚಾಕಣದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಅವಳ ಮನೆ ಸೇರುವ ತನಕ ಅವಳಿಗೆ ಕನ್ನಡ ಬೀದಿಯಲ್ಲಿ ಕೇಳಿಸಿದಷ್ಟೇ. ಒಂದು ಸಂಜೆ ಅವಳ ಸ್ಕೂಟರಿನ ಹಿಂದೆ ಕೂತಿದ್ದೆ. ಕಟ್ಟುತ್ತಿದ್ದ ಕಟ್ಟಡವೊಂದರ ಮುಂದೆ ಕಲಬುರಗಿ ಕಡೆಯ ಹೆಂಗಸೊಬ್ಬಳು ಮಗಳನ್ನು ಬೈಯುತ್ತಿದ್ದಳು. ಮಾವಶಿ ನಡುರಸ್ತೆಯಲ್ಲಿಯೇ ಗಾಡಿ ನಿಲ್ಲಿಸಿ ಇನ್ನೊಂದಿಷ್ಟು ಬೈಯಲು ಅವಳನ್ನು ಕೇಳಿಕೊಂಡಳು! ಆಕೆ ಗಾಬರಿಯಾಗಿ ಬಾಯಿ ಮುಚ್ಚಿದಳು. ಉಳಿದ ಬೈಗುಳವನ್ನು ಹಿಂದಿನ ಕಾರಿನವರು ಶುದ್ಧ ಮರಾಠಿಯಲ್ಲಿ ಪೂರೈಸಿಕೊಟ್ಟರು.

ರಾಂಜಣಗಾಂವದ ಗಣಪತಿಗೆ ಹೋದ ಕಥೆಯೂ ಹೀಗೆಯೇ. ದರ್ಶನದ ಸಾಲು ಸೇರುವ ಮೊದಲೇ ಬೀದರ ಕಡೆಯ ಕುಟುಂಬವೊಂದು ಕನ್ನಡದಲ್ಲಿ ಬದನೆಕಾಯಿಯ ರೇಟು ಮಾತಾಡುತ್ತ ಹೊರಟಿತ್ತು. ಮಾವಶಿ ಮಾತು ಕೇಳುತ್ತ ಅವರ ಬೆನ್ನು ಹತ್ತಿದಳು, ನಾನು ಮಾವಶಿಯ ಬೆನ್ನು ಹತ್ತಿದೆ. ಅವರು ಬಸ್ಸು ಹತ್ತಿದರು, ನಾವೂ ಹತ್ತಿದೆವು. ಬದನೆಕಾಯಿಯ ಮಾತು ಮುಗಿದಾಗ ಗುಡಿ ಹಿಂದೆ ಉಳಿದು ಮುಂದಿನ ಊರು ಶಿರೂರು ಬಂದಿತ್ತು. ಗಣಪತಿ ಆ ವರ್ಷ ನಮ್ಮನ್ನು ಬಾರದವರ ಲೆಕ್ಕಕ್ಕೆ ಸೇರಿಸಿಕೊಂಡಿರಬೇಕು.

ಇಂಥವಳು ವಿಶ್ವವಿದ್ಯಾಲಯದಲ್ಲಿ ಹಠ ಹಿಡಿದು ಮಾಡಿಸಿದ್ದು ಒಂದು 'ಸಂಜೆಕೋಣೆ'. ಪರಊರಿನಿಂದ ಬಂದ ಮಕ್ಕಳು ಸಂಜೆ ಹೊತ್ತು ಬಂದು ಕೂರಬಹುದು, ಮನಸ್ಸಿನ ಮಾತು ಹೇಳಿಕೊಳ್ಳಬಹುದು, ಬೇಕಾದ ಸಹಾಯ ಕೇಳಬಹುದು. ಕೋಣೆ ಚೆನ್ನಾಗಿತ್ತು, ಕುರ್ಚಿಗಳು ಇನ್ನೂ ಚೆನ್ನಾಗಿದ್ದವು, ಯಾಕೆಂದರೆ ಅವುಗಳ ಮೇಲೆ ಯಾರೂ ಕೂರುತ್ತಿರಲಿಲ್ಲ! ಮಾವಶಿ ನಿವೃತ್ತಳಾಗುವ ವರ್ಷ ಮೇಲಿನವರು ಖಡಾಖಂಡಿತವಾಗಿ ಹೇಳಿದರು: ಈ ಸಲದ ಮೌಲ್ಯಮಾಪನದಲ್ಲಿ ಕೋಣೆಯ ಉಪಯೋಗ ಕಾಣದಿದ್ದರೆ ಅದು ಮುರುಕು ಬೆಂಚುಗಳ ಉಗ್ರಾಣ. ಅಂದು ರಾತ್ರಿ ಮಾವಶಿ ಊಟ ಮಾಡಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಅವಳು 'ನನ್ನದು' ಎಂದುಕೊಂಡಿದ್ದು ಆ ಒಂದು ಕೋಣೆ.

ಕೋಣೆಗೆ ಎಂದೋ ಬಂದುಹೋಗಿದ್ದ ನಾಲ್ಕಾರು ಜನರನ್ನೇ ಕೇಳಿ ಬರೆದುಬಿಡಿ ಎಂದು ಮೌಲ್ಯಮಾಪನ ಸಮಿತಿಯವರು ದಾರಿ ತೋರಿಸಿದರು. ಮಾವಶಿ ಒಪ್ಪುತ್ತಾಳೆಯೇ? ಕೋಣೆಯ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು ಹೋಗುವವರನ್ನೆಲ್ಲ ತಡೆದು, ಸಂಜೆಕೋಣೆಗೆ ಯಾಕೆ ಬರಲಿಲ್ಲ ಎಂದು ವಿಚಾರಣೆ ಶುರುಮಾಡಿದಳು. ಬೇರೆ ಊರಿನಿಂದ ಪರೀಕ್ಷಕರಾಗಿ ಬಂದಿದ್ದ ವೃದ್ಧ ಪ್ರಾಧ್ಯಾಪಕರೊಬ್ಬರು ಸಿಕ್ಕಿಬಿದ್ದು, ತಪ್ಪಾಯಿತು ಎಂದು ಕ್ಷಮೆ ಕೇಳಿ, ಸಂಜೆ ಸರಿಯಾದ ಹೊತ್ತಿಗೆ ಬಂದು ಕೂತರು. ಮೊಮ್ಮಗಳ ನೆನಪಾಗುತ್ತಿದೆ ಎಂದು ಕಣ್ಣೊರೆಸಿಕೊಂಡು ಹೋದರಂತೆ.

ಗುಟ್ಟು ಹೊರಬಿದ್ದದ್ದು ಶಿರೂರಿನ ಈರುಳ್ಳಿ ಬೆಳೆಗಾರರ ಮಗಳೊಬ್ಬಳಿಂದ. ತಾನು ಎಷ್ಟೋ ಸಲ ಬಾಗಿಲ ತನಕ ಬಂದಿದ್ದೇನೆ ಎಂದಳು ಆ ಹುಡುಗಿ. ಬಾಗಿಲ ಎದುರಿಗೇ ಕ್ಯಾಂಟೀನು. ಒಳಗೆ ಕಾಲಿಟ್ಟರೆ ಚಹಾದ ಸಾಲಿನಲ್ಲಿ ನಿಂತವರೆಲ್ಲ ತಿರುಗಿ, ಪಾಪ, ಇವಳಿಗೇನಾಯಿತೋ ಎನ್ನುವಂತೆ ನೋಡುತ್ತಾರೆ. ಅದಕ್ಕೆ ನಾಚಿ ತಾನೂ ಹೋಗಿ ಚಹಾದ ಸಾಲಿಗೆ ನಿಂತುಬಿಡುತ್ತಿದ್ದಳು. ಮಾವಶಿ ತಡಮಾಡದೆ ಆ ಸಾಲಿನ ಉದ್ದಕ್ಕೂ ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಅರ್ಧ ಸಾಲು ತಲೆ ತಗ್ಗಿಸಿತು. ಸಹಾಯ ಬೇಕಾದವರೆಲ್ಲ ಒಬ್ಬರಿಗೊಬ್ಬರು ಹೆದರಿ ಬೇಡದ ಚಹಾ ಕುಡಿಯುತ್ತಿದ್ದರು! ಇಷ್ಟು ವರ್ಷ ಸಂಜೆಕೋಣೆಯಿಂದ ಉದ್ಧಾರವಾದವನು ಕ್ಯಾಂಟೀನಿನವನೊಬ್ಬನೇ.

ಬೇವಿನ ಮರದ ಕಡೆಗೆ ಮುಚ್ಚಿಯೇ ಇದ್ದ ಹಿಂಬಾಗಿಲನ್ನು ಮಾವಶಿ ತೆರೆಸಿದಳು. ಕೋಣೆಯಲ್ಲಿ ಕೂರಬೇಕಾದ ಸಹಾಯಕರು ಒಳಗಲ್ಲ, ಹೊರಗೆ ಮೆಟ್ಟಿಲ ಹತ್ತಿರ ನಿಂತು ಬಾ ಎಂದು ಕರೆಯಬೇಕು ಎಂದೂ ಯೋಜನೆಯಲ್ಲಿ ಸೇರಿಸಿದಳು. ಸಮಿತಿಯವರು ನಕ್ಕರು, ಆದರೆ ಒಪ್ಪಿದರು. ತಿಂಗಳೊಪ್ಪತ್ತಿನಲ್ಲಿ ಆ ಚೆಂದದ ಕುರ್ಚಿಗಳು ಕಿರುಗುಟ್ಟತೊಡಗಿದವು. ಕೋಣೆ ಉಳಿಯಿತು.

ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದ ಸಂಜೆ, ಹೊರಗೆ ನಿಂತು ಕರೆಯಬೇಕು ಎಂಬುದು ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದೆ. ಮಾವಶಿ ಹಾರದ ಹೂವು ಬಿಡಿಸುತ್ತ ಕೂತಿದ್ದಳು.

"ಮದವಿ ಆಗಿ ಬಂದ ಹೊಸದಾಗಿ ಇಲ್ಲಿ ಕನ್ನಡ ಸಂಘಕ್ಕ ಹೋಗಿದ್ದೆ," ಎಂದಳು. "ಒಳಗ ಎಲ್ಲಾರೂ ನಗಲಿಕ್ಕತ್ತಿದ್ರು. ಯಾರೋ ಥೇಟ್ ನಮ್ಮವ್ವನಂಗ ನಕ್ಕರು. ಒಬ್ಬರರ ಹೊರಗ ಬಂದು ಬಾ ಅಂದಿದ್ರ ಹೋಗ್ತಿದ್ದೆ."

ಯಾರೂ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೇಳಿ ಬಂದಳಂತೆ. ಆಮೇಲೂ ಎಷ್ಟೋ ಸಂಜೆ ಯಾರಿಗೋ ಕಾಯುವವಳಂತೆ ಅಲ್ಲಿ ನಿಂತು ಬಂದಿದ್ದಾಳೆ. ವರ್ಷಗಳು ಹೋದ ಮೇಲೆ, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದರೆ ಏನು ಹೇಳಲಿ ಎಂಬ ನಾಚಿಕೆ. ಸಂಘ ಇರುವುದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ!

ಮುಂದಿನ ಭಾನುವಾರ ಅವಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದೆ. ಇಡೀ ವಿಶ್ವವಿದ್ಯಾಲಯವನ್ನು ಯಾಕೆ ಬರಲಿಲ್ಲ ಎಂದು ತಡೆದು ಕೇಳಿದ ಹೆಂಗಸು ಸಂಘದ ಎರಡನೆಯ ಮೆಟ್ಟಿಲಲ್ಲಿ ಕಟಕಟೆ ಹಿಡಿದು ನಿಂತುಬಿಟ್ಟಳು.

"ನೀ ಹೋಗು. ನಾ ಇಲ್ಲೇ ಕೇಳ್ತೀನಿ."

ಒಳಗೆ ಹೋದೆ. ಹತ್ತು ಹನ್ನೆರಡು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ರಾಜ್ಯೋತ್ಸವದ ದಿನ ಉಪ್ಪಿಟ್ಟೋ ಅವಲಕ್ಕಿಯೋ ಎಂದು ಜೋರಾಗಿ ವಾದಿಸುತ್ತಿದ್ದರು. ನನ್ನನ್ನು ಯಾರೂ ಗಮನಿಸಲಿಲ್ಲ. ಹೊರಗೆ ಬಂದೆ. ಮಾವಶಿ ಬಾಗಿಲ ಕಡೆಗೆ ಕಿವಿ ಕೊಟ್ಟು, ಅವಲಕ್ಕಿಯ ಪರವಾಗಿ ತಲೆಯಾಡಿಸುತ್ತ ನಿಂತಿದ್ದಳು.

"ಮಾವಶಿ," ಎಂದೆ, "ಒಳಗ ಕೇಳ್ಲಿಕ್ಕತ್ತಾರ. ಇಷ್ಟು ದಿನಾ ನೀ ಯಾಕ ಬಂದಿಲ್ಲ ಅಂತ."

ಜೀವಮಾನವೆಲ್ಲ ಜನರ ಉತ್ತರಗಳನ್ನು ಪರೀಕ್ಷಿಸಿದವಳಿಗೆ ನನ್ನ ಸುಳ್ಳು ಗೊತ್ತಾಗದೆ ಇರುತ್ತದೆಯೇ? ನನ್ನ ಮುಖವನ್ನು ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಹೌದೇನು?" ಎಂದು ನನ್ನ ಕೈ ಹಿಡಿದು ಉಳಿದ ಮೆಟ್ಟಿಲು ಹತ್ತಿದಳು.