ನರ್ಸಮ್ಮನ ಸೈಕಲ್ ಹ್ಯಾಂಡಲ್

ಸೈಕಲ್ ಹತ್ತಿದ ಹೆಣ್ಣುಮಗಳಿಗೆ ದಿನಕ್ಕೊಂದು ಫಜೀತಿ ಬರೆದೇ ಇರುತ್ತದೆ. ನನ್ನಂಥ ಸಿಡುಕಿಗೆ ದಿನಕ್ಕೆರಡು. ಎಂಬತ್ತರ ದಶಕದಲ್ಲಿ ನಾನು ಮಾನ್ವಿ ಸುತ್ತಲಿನ ಆರು ಹಳ್ಳಿಗಳಿಗೆ ಹೆರಿಗೆ ನರ್ಸು. ಆ ಫಜೀತಿಗಳಲ್ಲಿ ಮುಕ್ಕಾಲು ಪಾಲು ಒಂದು ಹ್ಯಾಂಡಲಿನದೇ.

೧. ಹೊತ್ತು ಮೀರಿ

ಮಾಸ್ತರರಾದ ನನ್ನ ಗಂಡ ರಾಯಚೂರಿನಿಂದ ಹಳೆಯ ಲೇಡೀಸ್ ಸೈಕಲ್ಲೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಅದರ ಹ್ಯಾಂಡಲ್ ಎಷ್ಟು ಕೆಳಗಿತ್ತೆಂದರೆ, ಸವಾರಿ ಮಾಡುವುದೂ ಭತ್ತದ ಸಸಿ ನಾಟುವುದೂ ಒಂದೇ ಆಗಿತ್ತು. ಒಂದು ಮೈಲಿ ತುಳಿದರೆ ಎರಡು ಸಲ ಇಳಿದು, ಮರ ಹಿಡಿದು ನಿಂತು ಬೆನ್ನು ನೆಟ್ಟಗೆ ಮಾಡಿಕೊಳ್ಳಬೇಕು. ನಾನು ಹೋಗಿ ಮುಟ್ಟುವಷ್ಟರಲ್ಲಿ ಕೂಸು ಹುಟ್ಟಿ, ಅಳು ಮುಗಿಸಿ, ನಿದ್ದೆಗೆ ಬಿದ್ದಿರುತ್ತಿತ್ತು. ಓದಿ ಸರ್ಟಿಫಿಕೇಟ್ ತಂದವಳಿಗೆ ಇದೆಂಥ ಅವಮಾನ! ಒಂದೇ ಒಂದು ಹೆರಿಗೆಗಾದರೂ ಹೊತ್ತಿಗೆ ಸರಿಯಾಗಿ ಹೋಗಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು.

ಒಂದು ಮನೆಯಲ್ಲಿ ಮುದುಕಿ ಸೂಲಗಿತ್ತಿ ಕೈ ತೊಳೆದು ಎಲೆಯಡಿಕೆ ಹಾಕುತ್ತ ಕೂತಿದ್ದಳು. ಬೆವರಿಳಿಸುತ್ತ ಬಂದ ನನ್ನನ್ನು ನೋಡಿ, "ಬಾ ಯವ್ವಾ, ಛಲೋ ಹೊತ್ತಿಗೆ ಬಂದಿ. ಕೂಸಿಗೆ ಕಿವಿ ಚುಚ್ಚೂದು ಇನ್ನೂ ಉಳದದ" ಎಂದಳು.

೨. ಮರ್ಯಾದೆಯ ಅಳತೆ

ಹ್ಯಾಂಡಲ್ ಏರಿಸಲೇಬೇಕೆಂದು ನಾನೂ ನನ್ನ ಗಂಡನೂ ಬಸ್ ಸ್ಟ್ಯಾಂಡಿನೆದುರು ಸೈಕಲ್ ರಿಪೇರಿ ಮಾಡುವ ಮಿಸ್ತ್ರಿ ಚಾಚಾನ ಅಂಗಡಿಗೆ ಹೋದೆವು. ದೇವದುರ್ಗದ ಕಡೆಯ ಮನುಷ್ಯ, ಬಲು ಮರ್ಯಾದಸ್ಥ. ಹ್ಯಾಂಡಲ್ ತುಕ್ಕು ಹಿಡಿದು ಕೂತಿತ್ತು; ಸೀಮೆಎಣ್ಣೆ ಹುಯ್ದು, ಕಟ್ಟಿಗೆ ಇಟ್ಟು ಬಡಿದು ಸಡಿಲಿಸಿದ. ಆಮೇಲೆ ಅಳತೆ. ಸೀಟಿನ ಮೂತಿಗೆ ಮೊಣಕೈ ಹಚ್ಚಿ, ಬೆರಳ ತುದಿ ಎಲ್ಲಿಗೆ ಬರುತ್ತದೆ ನೋಡಿ ಎತ್ತರ ಕೂಡಿಸುವುದು ಅವನ ಪದ್ಧತಿ. ನಾನು ಕೈ ಮುಂದೆ ಮಾಡಿದೆ. ಚಾಚಾ ಹಿಂದಕ್ಕೆ ಸರಿದ.

"ತೋಬಾ ತೋಬಾ! ಪರರ ಮನಿ ಹೆಣ್ಮಕ್ಕಳ ಕೈ ನಾ ಹ್ಯಾಂಗ ಅಳೀಲಿ? ಮಾಸ್ತರ್, ನಿಮ್ದು ಕೈ ತರ್ರಿ."

ನನ್ನ ಗಂಡನ ಎತ್ತರ ಆರಡಿ, ನಾನು ಐದಕ್ಕೂ ಎರಡಂಗುಲ ಕಡಿಮೆ. ಇವರು ಗಂಭೀರವಾಗಿ ಕೈ ಕೊಟ್ಟರು, ಅವನು ಗಂಭೀರವಾಗಿ ಅಳೆದ. ಮರುದಿನ ಹ್ಯಾಂಡಲ್ ನನ್ನ ಗದ್ದದ ಹತ್ತಿರ. ಹಳ್ಳಿಯ ಹೆಂಗಸರು, "ಯವ್ವಾ, ನರ್ಸಮ್ಮ ಗೋಡಿ ಹಿಡಕೊಂಡು ಇಣಿಕಿ ನೋಡಕೋತ ಬರಾಕತ್ತಾಳ ನೋಡ್ರೇ" ಎಂದು ನಕ್ಕರು.

ತಿರುಗಿ ಹೋಗಿ ಜಗಳ ತೆಗೆದೆ. "ಸೈಕಲ್ ತುಳಿಯೋಳು ನಾನೋ, ಇವರೋ?" ಚಾಚಾ ಬಹಳ ಯೋಚಿಸಿ ಒಂದು ದಾರಿ ಹುಡುಕಿದ. ನಾನು ಸೀಟಿಗೆ ಮೊಣಕೈ ಹಚ್ಚಿ ನಿಂತು 'ಮೇಲೆ, ಕೆಳಗೆ' ಎಂದು ಹೇಳುತ್ತ ಹೋಗಬೇಕು. ಅವನು ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿ ಬೋಲ್ಟ್ ತಿರುಗಿಸಬೇಕು. ಹಾಗೇ ಆಯಿತು. ಎತ್ತರ ಸರಿಯಾಗಿ ಕೂತಿತು, ಬೆನ್ನು ನೆಟ್ಟಗಾಯಿತು. ಚಾಚಾನಿಗೂ ಅಂದು ಸಿರವಾರ ಬಸ್ಸಿನಿಂದ ಯಾರ್ಯಾರು ಇಳಿದರೆಂಬುದು ಪೂರ್ತಿ ಗೊತ್ತಾಯಿತು.

೩. ಹುಲ್ಲಿನ ಬ್ರೇಕು

ಆದರೆ ಆ ಕಾಲದ ಸೈಕಲ್ಲಿಗೆ ಬ್ರೇಕಿನದು ಕಬ್ಬಿಣದ ಕಡ್ಡಿ. ಹ್ಯಾಂಡಲ್ ಮೇಲೇರಿದರೆ ಕಡ್ಡಿ ಸಾಲುವುದಿಲ್ಲ. ಬ್ರೇಕು ಗಾಲಿಯನ್ನು ಹಿಡಿದುಕೊಂಡೇ ಕೂಡುತ್ತದೆ. ಚಾಚಾ ಕಡ್ಡಿಗಳನ್ನೇ ಬಿಚ್ಚಿಟ್ಟ.

"ಉದ್ದನ್ನ ಕಡ್ಡಿ ರಾಯಚೂರಿಂದ ಬರಬೇಕ್ರೀ. ಅಲ್ಲೀತನಕ ಸಾವಕಾಶ ಹೋಗ್ರಿ."

ಇಳಿಜಾರಿಗೆ ಸಾವಕಾಶ ಗೊತ್ತೆ? ಮೊದಲ ದಿನವೇ ಒಂದು ಹಳ್ಳಿಯ ಇಳಿಜಾರಿನಲ್ಲಿ "ಸರೀರಿ, ಸರೀರಿ" ಎಂದು ಕೂಗುತ್ತ ಹೋಗಿ ಅಜ್ಜನೊಬ್ಬನ ಹುಲ್ಲಿನ ಬಣವೆಯಲ್ಲಿ ನೆಟ್ಟುಕೊಂಡೆ. ಅಜ್ಜ ಬಾಯಿಗೆ ಬಂದಂತೆ ಬೈದ. ಎರಡನೆಯ ದಿನವೂ ಬೈದ. ಮೂರನೆಯ ದಿನ ನೋಡಿದರೆ ನಾನು ಬೀಳುವ ಜಾಗದಲ್ಲಿ ಮೆತ್ತನೆಯ ಹೊಸ ಹುಲ್ಲು ಹರವಿದ್ದ. ನನಗೆ ಕಣ್ಣು ತುಂಬಿ ಬಂತು. "ಯಪ್ಪಾ, ನನ್ನ ಸಲುವಾಗಿ ಇಷ್ಟೆಲ್ಲ ಯಾಕ?" ಎಂದೆ.

"ನಿನ್ನ ಸಲುವಾಗಿ ಅಲ್ಲವಾ," ಎಂದ ಅಜ್ಜ, "ಒಳಗ ನನ್ನ ಕೋಳಿ ಕಾವಿಗೆ ಕುಂತಾವ."

೪. ನರ್ಸಮ್ಮ ತಂದ ಹತ್ಯಾರ

ಕಡ್ಡಿ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಕಾಲುವೆಯಾಚೆಯ ಹಳ್ಳಿಯಿಂದ ಒಬ್ಬ ಓಡಿ ಬಂದ. "ನಮ್ಮನಿಯಾಕಿಗೆ ಮುಂಜಾನಿಂದ ನೋವು ಬರಾಕತ್ತಾವ್ರೀ. ಚೊಚ್ಚಲ ಬಸುರಿ, ಲಗೂ ಬರ್ರಿ!" ಬ್ಯಾಗು ಹೆಗಲಿಗೆ ಹಾಕಿಕೊಂಡು ಹತ್ತಿದೆ. ಬೆನ್ನು ನೆಟ್ಟಗೆ, ಸೈಕಲ್ ಗಾಳಿ. ಈ ಸಲ ಸೂಲಗಿತ್ತಿಗಿಂತ ಮೊದಲು ನಾನೇ ಎಂದುಕೊಂಡೆ.

ಕಾಲುವೆ ದಂಡೆಯ ಮೇಲೆ ಒಂದು ಕುಣಿ ಬಂತು. ಬಸ್ ಸ್ಟ್ಯಾಂಡ್ ನೋಡುತ್ತ ಬಿಗಿದ ಬೋಲ್ಟು ಅಲ್ಲಿ ಕೈ ಕೊಟ್ಟಿತು. ಸೈಕಲ್ ಒಂದು ಕಡೆ ಗದ್ದೆಗೆ ಇಳಿಯಿತು, ನಾನು ಇನ್ನೊಂದು ಕಡೆ ಕೂತೆ. ಹ್ಯಾಂಡಲ್ ಮಾತ್ರ ನನ್ನ ಕೈಯಲ್ಲೇ ಇತ್ತು. ಅಳುತ್ತ ಕೂಡಲು ಹೊತ್ತಿರಲಿಲ್ಲ. ಸೀರೆ ಎತ್ತಿ ಕಟ್ಟಿ ಓಡಿದೆ. ಕೆಸರಾದ ಕಾಲು, ಬಿಚ್ಚಿದ ತುರುಬು. ಹಾಗೇ ಒಳಗೆ ನುಗ್ಗಿದೆ.

ಬಸುರಿ ಹುಡುಗಿ ಗೋಡೆಗೆ ಒರಗಿ, "ನನಗ ಆಗಂಗಿಲ್ಲ, ನಾ ತಿಣಕಂಗಿಲ್ಲ" ಎಂದು ಹಟ ಹಿಡಿದು ಅಳುತ್ತಿದ್ದಳು. ಕೂಸು ಇನ್ನೂ ಹುಟ್ಟಿರಲಿಲ್ಲ. ನನ್ನ ಜನ್ಮ ಸಾರ್ಥಕವಾಯಿತು! ಅಷ್ಟರಲ್ಲಿ ಅತ್ತೆ ನನ್ನ ಕೈ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ಯವ್ವಾ! ಕೂಸು ತಗಿಯಾಕ ಇದನ್ನ ತಂದೀರೇನ್ರೀ?"

ನಾನೂ ಕೆಳಗೆ ನೋಡಿದೆ. ಎರಡು ಕೊಂಬಿನ ಆ ಕಬ್ಬಿಣ ಇನ್ನೂ ನನ್ನ ಕೈಯಲ್ಲೇ ಇತ್ತು. ಹುಡುಗಿಯೂ ನೋಡಿದಳು. ಆಕೆಯ ಅಳು ಗಪ್ಪನೆ ನಿಂತಿತು.

"ಬ್ಯಾಡ್ರೀ ನರ್ಸಮ್ಮಾ, ಅದನ್ನ ಹೊರಗಿಡ್ರೀ! ನಾನಽ ಹಡೀತೀನಿ!"

ನಾನು ಕೈ ತೊಳೆದುಕೊಂಡು ಕೂತದ್ದೇ ತಡ, ನಾಲ್ಕು ನೋವಿಗೆ ಹಡೆದಳು. ಗಂಡು ಕೂಸು, ನನ್ನ ಕೈಯಲ್ಲೇ ಮೊದಲ ಸಲ ಅತ್ತಿತು. ನಾನೂ ನಾಚಿಕೆ ಬಿಟ್ಟು ಜೊತೆಗೆ ಅತ್ತೆ.

ಎಂಟು ದಿನ ಕಳೆದಿರಲಿಲ್ಲ, ಪಕ್ಕದ ಹಳ್ಳಿಯಿಂದ ಒಬ್ಬ ಬಂದು ಬಾಗಿಲಲ್ಲಿ ನಿಂತ. ಹೆಂಡತಿಗೆ ನೋವು ಬಂದಿದೆಯೆಂದ. ನಾನು ಬ್ಯಾಗಿಗೆ ಕೈ ಹಾಕಿದೆ. ಅವನು ಸಂಕೋಚದಿಂದ ತಲೆ ಕೆರೆದುಕೊಂಡ.

"ನೀವು ಬರೂದು ಬ್ಯಾಡಂತ್ರೀ ನರ್ಸಮ್ಮಾರ. ಆ ಹ್ಯಾಂಡಲ್ ಒಂದು ಕೊಟ್ಟು ಕಳಸಬೇಕಂತ. ತೋರಿಸಿ ತಂದು ಕೊಡ್ತೀನ್ರೀ."